ಬಾತುಕೋಳಿ ಒಂದೂ ಸಾಯಲಿಲ್ಲ

ಆಗ ನನಗೆ ಅರವತ್ತೆರಡು. ಅದಾಗಿ ಐದು ವರ್ಷ ಆಯ್ತು. ಮಧುವನಹಳ್ಳಿಯ ನಮ್ಮ ಕೊಟ್ಟಿಗೆ ಹಿಂದೆ ನನ್ನ ಕೋಳಿ ಮೂವತ್ತನಾಲ್ಕು ಇದ್ದವು. ಹೇಂಟೆ ಕಾವಿಗೆ ಕೂರಿಸೋದು, ಮರಿ ತೆಗೆಯೋದು, ಹದ್ದಿನ ಕಣ್ಣಿಗೆ ಬೀಳದ ಹಾಗೆ ಎರಡು ತಿಂಗಳು ಬೆಳೆಸೋದು, ಕೊಳ್ಳೇಗಾಲದ ಸಂತೆಗೆ ಒಯ್ದು ಮಾರೋದು. ಅದೇ ನನ್ನ ಕೆಲಸ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಇನ್ನೇನು ಕೆಲಸ ಬಂದೀತು.

ಆ ಕೋಳಿ ಸಂತೆಯಲ್ಲಿ ಕೊಂಡವಲ್ಲ. ನನ್ನ ತವರು ಅಜ್ಜೀಪುರದಲ್ಲಿ ನಮ್ಮವ್ವ ಸಾಕಿದ ತಳಿ. ಮೈಯೆಲ್ಲ ಕರಿ, ಕಾಲೂ ಕರಿ, ಕತ್ತಿನ ಹತ್ತಿರ ಮಾತ್ರ ಅರಿಶಿನದ ಗರಿ. ನಾನು ಮದುವೆಯಾಗಿ ಬರುವಾಗ ಅವ್ವ ಒಂದು ಹೇಂಟೆಯನ್ನು ಕಂಕುಳಿಗೆ ಕೊಟ್ಟು ಕಳಿಸಿದಳು. ನನ್ನ ತಂಗಿ ಬಂಡಳ್ಳಿಗೆ ಹೋಗುವಾಗ ಅವಳಿಗೂ ಒಂದು. ಆಮೇಲೆ ಅವ್ವ ಹೋದಳು. ಮನೆ ಬಿತ್ತು. ಅದಿದ್ದ ಜಾಗದಲ್ಲಿ ಈಗ ಯಾರದೋ ಜೋಳ. ಅಜ್ಜೀಪುರದ್ದು ಅಂತ ನನಗೆ ಉಳಿದದ್ದು ಎರಡೇ, ಈ ಕೋಳಿ ಮತ್ತು ಬಂಡಳ್ಳಿಯ ತಂಗಿ. ತಂಗಿಗೆ ಮಂಡಿ ಹಿಡಿದುಬಿಟ್ಟಿದೆ, ಬಸ್ಸಿನ ಮೆಟ್ಟಿಲು ಹತ್ತಲಾರಳು. ನೋಡಬೇಕು ಅಂದರೆ ನಾನೇ ಹೋಗಬೇಕು.

ವರ್ಷಕ್ಕೊಂದು ಸಲ, ಭತ್ತದ ಕೊಯ್ಲು ಮುಗಿದ ಮೇಲೆ, ನಾವು ಹುಂಜ ಬದಲಾಯಿಸುತ್ತಿದ್ದೆವು. ನನ್ನ ಹುಂಜ ಅವಳಿಗೆ, ಅವಳದ್ದು ನನಗೆ. ಒಂದೇ ಹುಂಜ ತನ್ನ ಮಕ್ಕಳ ಜೊತೆಗೇ ಸೇರುತ್ತಾ ಹೋದರೆ ಮೂರನೇ ತಲೆಮಾರಿಗೆ ಮೊಟ್ಟೆ ಒಡೆದು ಮರಿ ಬರುವುದಿಲ್ಲ. ಹುಂಜದ ನೆಪದಲ್ಲಿ ನಾಲ್ಕು ದಿನ ಅವಳ ಮನೆಯಲ್ಲಿ ಉಳಿಯುತ್ತಿದ್ದೆ. ಎರಡು ದಿನ ಮಾತು, ಎರಡು ದಿನ ಜಗಳ. ವರ್ಷವೆಲ್ಲ ಆ ನಾಲ್ಕು ದಿನಕ್ಕೆ ಕಾಯುತ್ತಿದ್ದೆ. ಅದನ್ನು ಅವಳಿಗೆ ಯಾವತ್ತೂ ಹೇಳಿದವಳಲ್ಲ.

ಆ ವರ್ಷ ಕೊಯ್ಲು ಮುಗಿದ ಎರಡನೇ ದಿನಕ್ಕೆ ಬಾತುಕೋಳಿಯವನು ಬಂದ. ತಮಿಳು ಕಡೆಯವನು. ವರ್ಷ ವರ್ಷವೂ ಲಾರಿಯಲ್ಲಿ ಬಾತುಕೋಳಿ ತುಂಬಿಕೊಂಡು ಬರುತ್ತಾನೆ. ಕೊಯ್ದ ಗದ್ದೆಯಲ್ಲಿ ಉದುರಿದ ಕಾಳು, ಹುಳ, ಬಸವನಹುಳ ಎಲ್ಲ ಮೇಯಿಸಿಕೊಂಡು ಊರಿಂದೂರಿಗೆ ಹೋಗುತ್ತಾನೆ.

"ಅಮ್ಮಾ, ಹತ್ತು ದಿನ ಜಾಗ ಕೊಡಮ್ಮ. ಗೊಬ್ಬರ ಎಲ್ಲ ನಿನಗೇ."

"ಗೊಬ್ಬರ ನಂಗೆ. ಮೊಟ್ಟೆ?"

"ದಿನಾ ನಾಲ್ಕು."

"ಆರು."

"ನೀನು ಪೋಲೀಸ್ ಆಗ್ಬೇಕಿತ್ತಮ್ಮ," ಅಂದ. ಆರಕ್ಕೆ ಒಪ್ಪಿದ.

ಕೊಟ್ಟಿಗೆಯ ಹಿಂದಿನ ಗದ್ದೆಯಲ್ಲೇ ಬಲೆ ಕಟ್ಟಿದ. ಎಂಟುನೂರು ಬಾತು ಸಾಯಂಕಾಲ ಒಳಗೆ ಬಂದರೆ ಆ ಗಲಾಟೆಯಲ್ಲಿ ನಮ್ಮ ಸೊಸೆ ಕೂಗಿದ್ದು ನನಗೆ ಕೇಳುತ್ತಿರಲಿಲ್ಲ. ನನ್ನ ಕೋಳಿ ಬಲೆಯ ಪಕ್ಕದಲ್ಲೇ ಕೆದಕುತ್ತಿದ್ದವು, ಬಾತು ಇಳಿಯುವ ಹಳ್ಳದಲ್ಲೇ ನೀರು ಕುಡಿಯುತ್ತಿದ್ದವು. ನಾನು ಬೇಡ ಅನ್ನಲಿಲ್ಲ. ರೆಕ್ಕೆ ಇರೋವೆಲ್ಲ ಒಂದೇ ಜಾತಿ ಅಂದುಕೊಂಡಿದ್ದೆ.

ಐದನೇ ದಿನ ಬೆಳಿಗ್ಗೆ ಗೂಡು ತೆಗೆದರೆ ಎರಡು ಹೇಂಟೆ ಹೊರಗೆ ಬರಲಿಲ್ಲ. ರೆಕ್ಕೆ ಇಳಿಬಿಟ್ಟು ಕೂತಿದ್ದವು. ಹಿಕ್ಕೆ ಹಸಿರು. ಮಧ್ಯಾಹ್ನಕ್ಕೆ ಒಂದು ಕತ್ತು ತಿರುಚಿ ಆಕಾಶ ನೋಡಲು ಶುರುಮಾಡಿತು. ಕಂಡ ಕೂಡಲೇ ಗೊತ್ತಾಯ್ತು, ಕೋಳಿಗಳನ್ನು ಸಾಲಾಗಿ ಕೊಲ್ಲುವ ಕೊಕ್ಕರೆ ರೋಗ. ಅದು ಬರದ ಹಾಗೆ ಮೂಗಿಗೆ ಬಿಡುವ ಲಸಿಕೆಯ ಹನಿಯನ್ನು ಆ ವರ್ಷ ನಾನು ಹಾಕಿಸಿರಲಿಲ್ಲ. ಔಷಧಿ ಸೀಸೆ ನೂರು ಕೋಳಿಗೆ ಆಗುವಷ್ಟು ಬರುತ್ತದೆ, ಬಿಚ್ಚಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನೂರು ಕೋಳಿ ಸೇರಿಸಲು ಬೀದಿಯವರ ಬಾಗಿಲಿಗೆಲ್ಲ ಹೋಗಿ ಗೋಗರೆಯಬೇಕು. ಆಮೇಲೆ ನೋಡಿದರಾಯ್ತು ಅಂದುಕೊಂಡೆ. ತಪ್ಪು ನನ್ನದೇ.

ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಉಂಡೆ ಮಾಡಿ ನುಂಗಿಸಿದೆ. ಕಾಯಿಲೆಯವನ್ನು ಮಂಕರಿ ಕೆಳಗೆ ಬೇರೆ ಹಾಕಿದೆ. ಗೂಡಿಗೆ ಬೂದಿ ಹಾಕಿ ಬೇವಿನ ಹೊಗೆ ಕೊಟ್ಟೆ. ಏನು ಮಾಡಿದರೂ ದಿನಕ್ಕೆ ಐದು, ಆರು ಹೋಗುತ್ತಲೇ ಇದ್ದವು. ನಾಲ್ಕನೇ ದಿನಕ್ಕೆ ಹನ್ನೊಂದು ಉಳಿದವು.

ಆಗ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಬಾತುಕೋಳಿಯವನನ್ನು ಕರೆದು ಕೇಳಿದೆ, "ನಿನ್ನವು ಎಷ್ಟು ಸತ್ತೋದ್ವು?"

"ಒಂದೂ ಇಲ್ಲಮ್ಮ. ನನ್ನ ಬಾತು ಕಬ್ಬಿಣ."

ಅಲ್ಲಿ ಎಂಟುನೂರು ಇವೆ, ಒಂದೂ ಸತ್ತಿಲ್ಲ. ಇಲ್ಲಿ ದಿನಾ ಸಾಯುತ್ತವೆ. ಅಂದ ಮೇಲೆ ರೋಗ ಇರುವುದು ನನ್ನ ಗೂಡಿನಲ್ಲಿ, ಅವನ ಬಲೆಯ ಜಾಗ ಚೊಕ್ಕ. ನಮ್ಮ ಕಡೆ ಯಾರನ್ನು ಕೇಳಿದರೂ ಇದೇ ಲೆಕ್ಕ ಹೇಳುತ್ತಾರೆ, ಆಡು ಸಾಯದ ದೊಡ್ಡಿಗೆ ಆಡು ಕಟ್ಟು ಅಂತ. ಹನ್ನೊಂದನ್ನೂ ಎತ್ತಿಕೊಂಡು ಹೋಗಿ ಅವನ ಬಲೆಯೊಳಗೆ ಬಿಟ್ಟೆ. ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮೂರೇ ದಿನ. ಎಂಟು ಸತ್ತವು. ಎರಡು ಹೇಂಟೆ, ಒಂದು ಹುಂಜ ಉಳಿದವು. ಬಾತುಕೋಳಿಯವನು ಅವನ ಹತ್ತು ದಿನ ಮುಗಿಯಿತು ಅಂತ ಬಲೆ ಬಿಚ್ಚಿ ಯಳಂದೂರು ಕಡೆಗೆ ಹೊರಟ. ಹೋಗುವಾಗ ಪಾಪ ಹತ್ತು ಮೊಟ್ಟೆ ಜಾಸ್ತಿ ಕೊಟ್ಟ.

ತಂಗಿಗೆ ಫೋನು ಮಾಡಿದೆ. ಸತ್ತದ್ದನ್ನೆಲ್ಲ ಹೇಳಿದೆ.

"ಮೂರ್ ಉಳ್ದಾವಾ? ಊರು ಬುಡುಸ್ಬುಡು ಕಣಕ್ಕ. ಬುಟ್ಟೀಲಿ ಆಕಂಡು ಇಲ್ಲಿಗೇ ತಕಂಡ್ ಬಾ. ನನ್ನ ಕೋಳಿ ಜೊತೇಲಿ ಇರ್ಲಿ. ನೀನೂ ಇರು."

ಊರು ಬಿಡಿಸೋದು ನಮ್ಮಲ್ಲಿ ಹಳೇ ಪದ್ಧತಿ. ಕೋಳಿಗೆ ರೋಗ ಬಿದ್ದರೆ ಚೆನ್ನಾಗಿರುವವನ್ನು ನೆಂಟರ ಊರಿಗೆ ಸಾಗಿಸಿ, ರೋಗ ಕಳೆದ ಮೇಲೆ ವಾಪಸ್ಸು ತರುವುದು. ಅವ್ವ ಮಾಡುತ್ತಿದ್ದಳು, ನಾನೂ ಮಾಡಿದ್ದೇನೆ. "ನೀನೂ ಇರು" ಅಂದದ್ದು ನನಗೆ ಕೋಳಿಗಿಂತ ಹೆಚ್ಚಾಗಿ ಹಿಡಿಯಿತು. ಅವತ್ತೇ ಮೂರನ್ನೂ ಬುಟ್ಟಿಗೆ ಹಾಕಿ ಬಟ್ಟೆ ಕಟ್ಟಿದೆ. ಆ ಬೆಳಿಗ್ಗೆ ಸತ್ತ ಒಂದು ಹೇಂಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ಕೊಳ್ಳೇಗಾಲದಲ್ಲಿ ಬಂಡಳ್ಳಿ ಕಡೆಯ ಹನೂರಿನ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ, ದನಿನಾಸ್ಪತ್ರೆಗೆ ತೋರಿಸಿ ಹೋಗೋಣ, ತಂಗಿಯ ಕೋಳಿಗಾದರೂ ಏನು ಮಾಡಬೇಕು ಅಂತ ಕೇಳಿಕೊಂಡು ಹೋಗೋಣ ಅಂತ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವಳು. ಚೀಲ ನೋಡಿ ಮೊದಲು ಬೈದಳು.

"ಇದನ್ನ ಬಸ್ಸಲ್ಲಿ ತಂದ್ರಾ ಅಜ್ಜಿ?"

"ಇನ್ನೇನು ಕಾರಲ್ಲಿ ತರ್ನಾ?"

ಬೈದರೂ ಕೈಗವಸು ಹಾಕಿಕೊಂಡು ಹಿತ್ತಿಲ ಕಲ್ಲಿನ ಮೇಲೆ ಕೊಯ್ದಳು. ಕರುಳು ಬಿಡಿಸಿ, ಕಾಳು ಅರೆಯುವ ಕಲ್ಲುಗುಂಡಿಗೆಗಿಂತ ಮುಂಚೆ ಇರುವ ಚೀಲವನ್ನು ಸೀಳಿ ತೋರಿಸಿದಳು. ಒಳಗೆ ಗುಲಗಂಜಿ ಚೆಲ್ಲಿದ ಹಾಗೆ ಕೆಂಪು ಚುಕ್ಕಿ. ಅದೇ ಗುರುತು ಅಂದಳು. ನಾನು ಬಾತುಕೋಳಿ ಬಲೆಗೆ ಬಿಟ್ಟ ಕಥೆ ಹೇಳಿದೆ. ಚಾಕು ಹಿಡಿದ ಕೈ ನಿಂತಿತು.

"ಅಯ್ಯೋ ಅಜ್ಜಿ. ರೋಗ ಇದ್ದಿದ್ದೇ ಅಲ್ಲಿ ಇರಬೇಕು."

"ಅವು ಒಂದೂ ಸತ್ತಿಲ್ಲ ಕಣವ್ವ. ನಾನೇ ಕಣ್ಣಾರೆ ನೋಡಿವ್ನಿ."

"ಸಾಯಲ್ಲ. ಹೊಟ್ಟೇಲಿ ಇಟ್ಟುಕೊಂಡಿರ್ತಾವೆ, ಹಿಕ್ಕೇಲಿ ಹಾಕ್ತಾ ಹೋಗ್ತಾವೆ, ತಾವು ಚೆನ್ನಾಗೇ ಇರ್ತಾವೆ."

ಯಾಕೆ ಅಂತ ಕೇಳಿದೆ. ಸುಮ್ಮನೆ ಮನೆಗೆ ಹೋಗು ಅನ್ನುತ್ತಾಳೆ ಅಂದುಕೊಂಡಿದ್ದೆ. ಕೈ ತೊಳೆದು ಬಂದು ಮೆಟ್ಟಿಲ ಮೇಲೆ ಕೂತು ಹೇಳಿದಳು. ಪ್ರತಿ ಪ್ರಾಣಿಯ ಮೈಯೊಳಗೂ ರೋಗದ ಕ್ರಿಮಿಯ ಗುರುತು ಹಿಡಿಯುವ ಕಾವಲು ಇರುತ್ತದಂತೆ. ಒಂದಲ್ಲ, ಹಲವಾರು ತರದವು. ಈ ವೈರಸ್ಸು ಒಂದು ಎಳೆಯಿದ್ದ ಹಾಗೆ. ನಮ್ಮ ಮೈಯೊಳಗಿನ ಎಳೆಗಳ ತುದಿಗೆ ಟೋಪಿ ಇರುತ್ತದೆ, ಇದರ ತುದಿ ಬೋಳು. ಆ ಬೋಳು ತುದಿಯನ್ನು ಮುಟ್ಟಿ ಇದು ನಮ್ಮದಲ್ಲ ಅಂತ ಹೇಳುವುದೇ ಒಂದು ಕಾವಲಿನ ಕೆಲಸ.

"ನಮ್ಮ ನಾಯಿ ನಮ್ಮೋರ ಬುಟ್ಟು ಬ್ಯಾರೆಯೋರಿಗೆ ಬೊಗಳ್ತದಲ್ಲ, ಅಂಗಾ?"

"ಹಂಗೇ. ಬಾತುಕೋಳಿ ಮನೇಲಿ ಆ ನಾಯಿ ಇದೆ. ವೈರಸ್ಸು ಹೊಸಿಲು ದಾಟ್ತಿದ್ದ ಹಾಗೇ ಬೊಗಳುತ್ತೆ, ಮನೆಯವರೆಲ್ಲ ಎದ್ದು ದೊಣ್ಣೆ ಹಿಡೀತಾರೆ. ಕೋಳಿ ಮನೇಲಿ ಆ ನಾಯಿನೇ ಇಲ್ಲ. ಯಾವ ಕಾಲದಲ್ಲೋ ಆ ಜಾತಿ ಅದನ್ನ ಕಳ್ಕೊಂಡಿದೆ. ಬೇರೆ ನಾಯಿ ಇವೆ, ಬೊಗಳ್ತಾವೆ, ಆದ್ರೆ ಅಷ್ಟು ಬೇಗ ಅಲ್ಲ. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಓದಿದೋರು ಹೇಳೋ ದೊಡ್ಡ ಕಾರಣದಲ್ಲಿ ಇದೊಂದು."

"ಎಲ್ಲಾ ಕೋಳಿಗೂನಾ? ನಮ್ಮವ್ವನ ತಳಿಗೂ?"

"ಎಲ್ಲಾ ಕೋಳಿಗೂ."

ನಾನು ಒಳ್ಳೇ ತಳಿ, ಗಟ್ಟಿ ತಳಿ ಅಂತ ನಲವತ್ತು ವರ್ಷ ಹೇಳಿಕೊಂಡು ಬಂದಿದ್ದೆ. ಆಮೇಲೆ ಕೇಳಿದೆ, ಕಾವಲೇ ಇಲ್ಲದ ಮೇಲೆ ಹನಿ ಹಾಕಿ ಏನು ಪ್ರಯೋಜನ? ಅದಕ್ಕೆ ಅವಳು, "ಹುಟ್ಟಿನಿಂದ ಬಂದ ಗುರುತು ಇಲ್ಲ ಅಷ್ಟೆ. ಹೇಳಿಕೊಟ್ರೆ ಕಲೀತಾವೆ. ಹನಿ ಅಂದ್ರೆ ಹೇಳಿಕೊಡೋದು. ಆದ್ರೆ ಕಳ್ಳ ಬರೋ ಮುಂಚೆ ಹೇಳಿಕೊಡಬೇಕು," ಅಂದಳು. ಆಮೇಲೆ ನನ್ನ ಮುಖ ದಿಟ್ಟಿಸಿ ನೋಡಿದಳು. "ನಿಮ್ಮ ಕಣ್ಣು ಯಾವಾಗಿಂದ ಕೆಂಪಾಗಿದೆ?"

ನಾಲ್ಕು ದಿನ ಆಗಿತ್ತು. ಬೇವಿನ ಹೊಗೆ ಅಂದುಕೊಂಡಿದ್ದೆ.

"ಅದೂ ಇದೇ ಇರಬಹುದು. ಮನುಷ್ಯರಲ್ಲೂ ಆ ಕಾವಲು ಇದೆ. ಅದಕ್ಕೇ ನಿಮಗೆ ಬರೀ ಕಣ್ಣು ಕೆಂಪು, ತಾನಾಗಿ ಹೋಗುತ್ತೆ. ಆದ್ರೆ ನಿಮ್ಮ ಕೈಯಲ್ಲಿ, ಸೀರೇಲಿ, ಚಪ್ಪಲೀಲಿ ಅದು ಇದೆ." ಅಷ್ಟು ಹೊತ್ತಿಗೆ ಬುಟ್ಟಿಯೊಳಗೆ ಹುಂಜ ಒದ್ದಾಡಿತು. "ಇದೇನು?"

ಬಂಡಳ್ಳಿಗೆ ಅಂದೆ. ತಂಗಿಯ ಮನೆಗೆ. ಅಲ್ಲಿ ಎಷ್ಟು ಕೋಳಿ ಇವೆ ಅಂತ ಕೇಳಿದಳು. ಹತ್ತೊಂಬತ್ತು ಅಂದೆ. ಆ ತಳಿ ಬೇರೆಲ್ಲಾದರೂ ಇದೆಯಾ ಅಂದಳು. ಇಲ್ಲ ಅಂದೆ. ಅವಳು ಹೋಗಬೇಡ ಅನ್ನಲಿಲ್ಲ. "ನೀವು ಈಗ ಬಾತುಕೋಳಿ ಇದ್ದ ಹಾಗೆ ಅಜ್ಜಿ," ಅಂದಳು, ಅಷ್ಟೆ.

ಆಸ್ಪತ್ರೆಯ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಕೂತೆ. ಮೂರೂ ಚೆನ್ನಾಗಿದ್ದವು. ಬಟ್ಟೆ ಸರಿಸಿದರೆ ಹುಂಜ ನನ್ನ ಬಳೆ ಕುಕ್ಕಿತು. ಇವಕ್ಕೆ ರೋಗ ಇಲ್ಲದೆಯೂ ಇರಬಹುದು. ಇದ್ದರೂ ಇರಬಹುದು. ಹನೂರಿನ ಬಸ್ಸು ಹತ್ತಿದರೆ ಮಧ್ಯಾಹ್ನ ತಂಗಿಯ ಮನೆಯಲ್ಲಿ ಊಟ. ಅವಳ ಮಂಡಿಗೆ ಎಣ್ಣೆ ತಿಕ್ಕಬಹುದು. ಸಂಜೆ ಅವ್ವನ ಸುದ್ದಿ ಮಾತಾಡಬಹುದು. ಅವ್ವನ ದನಿ ಹೇಗಿತ್ತು ಅಂತ ಗೊತ್ತಿರುವವಳು ಈ ಭೂಮಿಯ ಮೇಲೆ ನನ್ನ ಬಿಟ್ಟರೆ ಅವಳೊಬ್ಬಳೇ. ಹಾಗೆ ತುಂಬಾ ಹೊತ್ತು ಕೂತಿದ್ದೆ. ಬಸ್ಸು ಹೋದ ಮೇಲೂ ಕೂತಿದ್ದೆ. ಆಮೇಲೆ ಎದ್ದು ಸುಣ್ಣ ಕೊಂಡುಕೊಂಡು ಮಧುವನಹಳ್ಳಿಗೆ ವಾಪಸ್ಸು ಬಂದೆ.

ಮೂರನ್ನೂ ನಾನೇ ಕತ್ತು ಮುರಿದು ಕೊಂದೆ. ಹುಂಜವನ್ನು ಕೊನೆಗೆ. ಮೂರಡಿ ಗುಂಡಿ ತೋಡಿ, ಕೆಳಗೆ ಸುಣ್ಣ ಮೇಲೆ ಸುಣ್ಣ ಹಾಕಿ ಮುಚ್ಚಿದೆ.

"ಅತ್ತೆ, ಚೆನ್ನಾಗಿದ್ದ ಕೋಳಿ. ಸಾರಾದ್ರೂ ಮಾಡ್ಬೋದಿತ್ತು," ಅಂದಳು ಸೊಸೆ.

"ಪುಕ್ಕ ಕಿತ್ತು ಬೀದಿಗೆಲ್ಲ ಆರಿಸ್ತೀಯಾ? ಸುಮ್ನೆ ನೀರ್ ಕಾಯ್ಸು ಓಗು."

ಗೂಡು ಸುಟ್ಟೆ. ಚಪ್ಪಲಿಯನ್ನೂ ಅದೇ ಬೆಂಕಿಗೆ ಹಾಕಿದೆ. ಗೂಡಿದ್ದ ಕಡೆ ಒಂದು ಗೇಣು ಮಣ್ಣು ಹೆರೆದು ತೆಗೆದು ಸುಣ್ಣ ಚೆಲ್ಲಿದೆ. ಡಾಕ್ಟ್ರಮ್ಮ ಹೇಳಿದ್ದು ಒಂದು ತಿಂಗಳು. ಒಂದು ತಿಂಗಳು ಯಾರ ಕೋಳಿಯ ಹತ್ತಿರವೂ ಹೋಗಬಾರದು. ನಡುವೆ ಮತ್ತೆ ಅಂಥ ಜಾಗಕ್ಕೆ ಕಾಲಿಟ್ಟರೆ ಮತ್ತೆ ಒಂದರಿಂದ ಎಣಿಸಬೇಕು.

ಇನ್ನು ತಂಗಿಯವು. ಅವಳೂ ಹನಿ ಹಾಕಿಸಿರಲಿಲ್ಲ. ಅವಳ ಬೀದಿಯಲ್ಲಿ ಯಾರು ಬೇಕಾದರೂ ನೆಂಟರ ಕೋಳಿ ತಂದು ಬಿಡಬಹುದು. ಫೋನಿನಲ್ಲೇ ಬೈದು, ಕಾಡಿ, ಬೀದಿಯ ಕೋಳಿಯನ್ನೆಲ್ಲ ಒಟ್ಟು ಮಾಡಿಸಿದೆ. ಅವಳ ಸೊಸೆಯನ್ನು ಹನೂರಿಗೆ ಕಳಿಸಿ, ಐಸು ಹಾಕಿದ ಟೀ ಫ್ಲಾಸ್ಕಿನಲ್ಲಿ ಸೀಸೆ ತರಿಸಿದೆ. ಹೊತ್ತು ಹುಟ್ಟುವ ಮುಂಚೆ, ತಂಪಿನಲ್ಲಿ, ಶುರು ಮಾಡಿಸಿದೆ.

"ಮೂಗಿನ ತೂತಿಗೆ ಒಂದೇ ಅನಿ. ಇನ್ನೊಂದು ತೂತ್ನ ಬೆರಳಲ್ಲಿ ಮುಚ್ಕೊ. ಉಸ್ರು ಎಳ್ಕೊಳ್ಳಗಂಟ ಬುಡ್ಬೇಡ."

"ಎಳ್ಕೊಂಡ್ತು."

"ನೋಡಿದ್ಯಾ? ಇಲ್ಲ ಸುಮ್ನೆ ಅಂದ್ಯಾ?"

"ನೋಡ್ದೆ ಕಣಕ್ಕ! ನಿನ್ ಕಣ್ಣಷ್ಟೇ ಕಣ್ಣಾ?"

"ಯಾವ್ದಿದು?"

"ದೊಡ್ಡ ಏಂಟೆ. ಅವ್ವನ್ ತರ ಕುಂಟ್ತದಲ್ಲ, ಅದು."

ಹತ್ತೊಂಬತ್ತೂ ಹಾಗೆಯೇ, ಒಂದೊಂದರ ಹೆಸರು ಹೇಳಿ ಹಾಕಿದಳು. ನಾನು ಇಲ್ಲಿ ಖಾಲಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡೆ. ಗರಿಯ ಶಬ್ದ ಫೋನಿನಲ್ಲಿ ಬರುತ್ತಿತ್ತು. ಅಂಗೈಗೆ ಗೊತ್ತು ಆ ತೂಕ, ಎದೆ ಮೂಳೆಯ ಬಿಸಿ. ಕೈ ಸುಮ್ಮನಿರಲಾರದೆ ಸೀರೆ ಸೆರಗು ಹಿಂಡುತ್ತಿತ್ತು.

ತಿಂಗಳು ಅಂದರೆ ಉದ್ದ. ನಮ್ಮ ಬೀದಿಯಲ್ಲಿ ಇರಲಿ, ಊರಲ್ಲೇ ಒಂದು ಕೋಳಿಯೂ ಉಳಿಯಲಿಲ್ಲ, ಎಲ್ಲರವೂ ಹೋದವು. ಕೆಲವರು ನನ್ನ ಬೈದರು, ಬಾತು ಕೂರಿಸಿದ್ದು ನಾನು ತಾನೇ.  ಅನ್ನ ಬಸಿದ ಮೇಲೆ ಎರಡು ಹಿಡಿ ನುಚ್ಚು ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಅಲ್ಲಿ ನಿಂತು, ವಾಪಸ್ಸು ಒಳಗೆ ಬರುತ್ತಿದ್ದೆ. ತಂಗಿ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು. ಅವಳವು ಹತ್ತೊಂಬತ್ತೂ ಇದ್ದವು. ಮೂರು ಹೇಂಟೆ ಮೊಟ್ಟೆಗೆ ಬಂದಿದ್ದವು, ಕಾವಿಗೆ ಕೂತಿದ್ದ ಇನ್ನೊಂದು ಮರಿ ತೆಗೆದಿತ್ತು. ಕಾವಿಗೆ ಕೂರಿಸಲು ನನಗೆ ಅಂತ ಹದಿಮೂರು ಮೊಟ್ಟೆ ರಾಗಿಯೊಳಗೆ ಹೂತಿಟ್ಟಿದ್ದಳು.

ಮೂವತ್ತನೇ ದಿನ ಸಂಜೆ ಫೋನು ಮಾಡಿದಳು.

"ನಾಳೆ ಬತ್ತೀಯಲ್ಲ? ಅವರೆಕಾಯಿ ಸುಲ್ದಿಟ್ಟಿವ್ನಿ."

"ಮೊದ್ಲ್ ಬಸ್ಸಿಗೆ ಬತ್ತೀನಿ."

"ಬಾ. ನಿಂಗೆ ಬಾತ್ಕೋಳಿ ಮೊಟ್ಟೇನೂ ಸಿಗ್ತದೆ. ನಮ್ಮ ಕೆರೆ ಕೆಳಗ್ಲ ಗದ್ದೆ ಕುಯ್ಲಾಯ್ತಲ್ಲ, ಯಳಂದೂರ್ ಕೆರೆತಾವಿಂದ ಬಾತ್ಕೋಳಿಯೋನು ನಾಳೆ ಮಧ್ಯಾನ ಲಾರೀಲಿ ಬತ್ತಾನಂತೆ. ನಮ್ಮನೆ ಇಂದ್ಲ ಗದ್ದೇನೂ ಕೇಳವ್ನೆ. ಗೊಬ್ರ ಆಯ್ತದೆ ಬುಡು ಅಂದೆ."

 ಹನಿ ಹಾಕಿದೆ, ಸರಿ. ಹೇಳಿಕೊಟ್ಟದ್ದನ್ನು ಎಲ್ಲವೂ ಕಲಿಯುವುದಿಲ್ಲ ಅಂತ ಡಾಕ್ಟ್ರಮ್ಮ ಹೇಳಿದ್ದಳು. ಮೊನ್ನೆ ಹುಟ್ಟಿದ ಮರಿಗಳಿಗೆ ಹಾಕೇ ಇಲ್ಲ. ಎಂಟುನೂರು ಬಾತು, ಮನೆಯ ಹಿಂದೆಯೇ.

"ಅವ್ನ ನಂಬರ್ ಅದಾ?"

"ನನ್ತಾವೆಲ್ಲಿ? ಯಾಕೆ?"

ಹೇಳಿದೆ. ಕೇಳಿದಳು. ಬಾತು ರೋಗ ಹೊತ್ತು ತಿರುಗುತ್ತದೆ ಅನ್ನೋದನ್ನು ನಾನು ಅವಳಿಗೆ ಮುಂಚೆ ಹೇಳಿರಲಿಲ್ಲ. ತನ್ನ ಗದ್ದೆ ಕೊಡುವುದಿಲ್ಲ ಅಂದಳು. ಆದರೆ ಅವಳು ಕೊಡದಿದ್ದರೆ ಪಕ್ಕದವರು ಕೊಡುತ್ತಾರೆ, ಕೋಳಿಗೆ ಬದು ಯಾರದ್ದು ಅಂತ ಗೊತ್ತಾಗುತ್ತದಾ.

"ನಾನು ನಾಳೆ ಯಳಂದೂರ್ಗೆ ಓಯ್ತೀನಿ. ಒರಡೋ ಮುಂಚೆ ಇಡೀಬೇಕು."

"ಅಲ್ಲಿಗೋದ್ರೆ..." ಅಂದಳು. ಆಮೇಲೆ, "ಮತ್ತೆ ಒಂದ್ರಿಂದ ಎಣುಸ್ಬೇಕಲ್ಲಕ್ಕ."

"ಉಂ."

"ಅವರೆಕಾಯಿ ಸುಲ್ದ್ಬುಟ್ಟೆ ನಾನು," ಅಂದು ಫೋನು ಇಟ್ಟಳು.

ಮಾರನೇ ದಿನ ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಇಳಿದು ಯಳಂದೂರಿನ ಬಸ್ಸು ಹತ್ತಿದೆ. ಕೆರೆ ಏರಿಯ ಮೇಲೆ ಎರಡು ಮೈಲಿ ನಡೆದೆ. ಅವನು ಲಾರಿಗೆ ಹಲಗೆ ಕೊಟ್ಟು ಬಾತು ಹತ್ತಿಸುತ್ತಿದ್ದ. ಅರ್ಧ ತುಂಬಿತ್ತು.

"ಏನಮ್ಮ, ಮೊಟ್ಟೆ ಬಾಕಿ ಇತ್ತಾ?" ಅಂತ ನಕ್ಕ.

ಹಲಗೆ ಪಕ್ಕದಲ್ಲೇ ನಿಂತು ಎಲ್ಲ ಹೇಳಿದೆ. ಮೂವತ್ತನಾಲ್ಕು ಹೋದದ್ದು, ಎಳೆ, ಬೋಳು ತುದಿ, ನಾಯಿ. ಅವನು ನಗು ಬಿಟ್ಟು ಕೇಳಿದ. ಹತ್ತುತ್ತಿದ್ದ ಬಾತುಗಳನ್ನೇ ನೋಡುತ್ತಿದ್ದ.

"ನಂದು ಒಂದೂ ಸತ್ತಿಲ್ವಲ್ಲಮ್ಮ."

"ಅದೇ ಕಣಪ್ಪ ಕಷ್ಟ ಬಂದಿರೋದು."

"ಸರಿ, ಬಂಡಳ್ಳಿ ಬೇಡ. ಇವು ಎಂಟುನೂರು ಹೊಟ್ಟೆ. ಸಾಯಂಕಾಲ ಮೇಯ್ಬೇಕು. ಎಲ್ಲಿಗೆ ಹೋಗ್ಲಿ, ನೀನೇ ಹೇಳು."

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮೂರ ಕೆಳಗಿನ ಬಯಲು ತಡವಾಗಿ ನಾಟಿಯಾದದ್ದು, ಆ ವಾರವೇ ಕೊಯ್ಲಾಗಿತ್ತು. ಅದರಲ್ಲಿ ನಮ್ಮದೂ ಅರ್ಧ ಎಕರೆ. ಬಾತು ಹೋಗಿ, ಅದರ ಮೇಲೆ ಒಂದು ತಿಂಗಳು ಕಳೆದು, ಆಮೇಲೆ ತಾನೇ ನಾನು ಬಂಡಳ್ಳಿಗೆ ಹೋಗುವುದು, ರಾಗಿಯಲ್ಲಿ ಹೂತ ಮೊಟ್ಟೆ ಅಲ್ಲಿಯ ತನಕ ಕೊಳೆಯುವುದು. ಲೆಕ್ಕ ಹಾಕಿದೆ. ಹಾಕಿ, ಅದನ್ನು ಅಲ್ಲಿಗೇ ಬಿಟ್ಟೆ.

"ನಮ್ಮೂರಿಗೇ ಬಾ," ಅಂದೆ. "ಅಲ್ಲಿ ಸಾಯಕ್ಕೆ ಒಂದೂ ಉಳ್ದಿಲ್ಲ."

ಕೆಳಗಿನ ಬಯಲಿನ ದಾರಿ ಅವನಿಗೆ ಗೊತ್ತಿರಲಿಲ್ಲ. ಬಾತು ಎಲ್ಲ ಹತ್ತಿ ಮುಗಿಯುವ ತನಕ ಕಾದು, ಲಾರಿಯ ಮುಂದಿನ ಸೀಟಿಗೆ ಹತ್ತಿ ಕೂತೆ.